ಕೇರಳದ 22 ಸಾವಿರ: ಒಂದೇ ದಿನ ಬಂದ ಎರಡು ಲೆಕ್ಕಗಳ ಕಥೆ

2021ರ ಜುಲೈ 27ರ ಸಂಜೆ ಕೇರಳ ಸರ್ಕಾರ ಹೊರಡಿಸಿದ ಬುಲೆಟಿನ್‌ನಲ್ಲಿ ಹೊಸ ಕೊರೊನಾ ಸೋಂಕಿತರ ಸಂಖ್ಯೆ 22,129. ಮರುದಿನ ಬೆಳಿಗ್ಗೆ ಕೇಂದ್ರ ಕೊಟ್ಟ ಇಡೀ ದೇಶದ ಲೆಕ್ಕ 43 ಸಾವಿರ ಚಿಲ್ಲರೆ. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲದ ರಾಜ್ಯದಿಂದ ಅರ್ಧದಷ್ಟು ಕೇಸು!

ಕರಾವಳಿಯಲ್ಲಿ ಇರುವವರಿಗೆ ಇದು ಟಿವಿಯಲ್ಲಿ ನೋಡಿ ಮರೆಯುವ ಸುದ್ದಿಯಾಗಿರಲಿಲ್ಲ. ತಲಪಾಡಿ ಗಡಿ ಮಂಗಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಾಸರಗೋಡಿನವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲವೂ ಮಂಗಳೂರೇ. ಜುಲೈ 31ಕ್ಕೆ ಕರ್ನಾಟಕ ಆದೇಶ ಹೊರಡಿಸಿತು: ಕೇರಳದಿಂದ ಬರುವವರು ಲಸಿಕೆ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಲೇಬೇಕು. ಆ ಬದಿಯ ಬಸ್ಸು ಆ ಬದಿಯಲ್ಲೇ ನಿಲ್ಲುತ್ತಿತ್ತು, ಈ ಬದಿಯದು ಈ ಬದಿಯಲ್ಲಿ. ನಡುವಿನ ಡಾಂಬರು ರಸ್ತೆಯಲ್ಲಿ ಮಳೆಗೆ ಕೊಡೆ ಹಿಡಿದು, ವರದಿಯ ಹಾಳೆಯನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ತುರುಕಿಕೊಂಡು ಜನ ನಡೆದು ದಾಟುತ್ತಿದ್ದರು. 2020ರ ಮಾರ್ಚಿನಲ್ಲಿ ಇದೇ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ರೋಗಿಗಳನ್ನು ದಾಟಿಸುವ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋದದ್ದು ಯಾರಿಗೂ ಮರೆತಿರಲಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತೀರ್ಪು ಆಗಲೇ ಬಂದಾಗಿತ್ತು. "ಕೇರಳ ಮಾದರಿ ಅಂತ ಕುಣಿದವರು ಈಗೆಲ್ಲಿ?" ಬಕ್ರೀದ್‌ಗೆಂದು ಮೂರು ದಿನ ಅಂಗಡಿ ತೆರೆಯಲು ಬಿಟ್ಟಿದ್ದಕ್ಕೆ ಸುಪ್ರೀಂ ಕೋರ್ಟ್ ಆಗಷ್ಟೇ ಕೇರಳವನ್ನು ತರಾಟೆಗೆ ತೆಗೆದುಕೊಂಡಿತ್ತು. ಕೇಂದ್ರದ ತಂಡವೂ ಹೊರಟು ನಿಂತಿತ್ತು.

ಆದರೆ ಜುಲೈ 28ರಂದೇ ಇನ್ನೊಂದು ಪಟ್ಟಿಯೂ ಹೊರಬಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೇ ಸಿರೊ ಸರ್ವೆಯ, ಅಂದರೆ ರಕ್ತ ಪರೀಕ್ಷೆಯ ಸಮೀಕ್ಷೆಯ, ರಾಜ್ಯವಾರು ವಿವರ ಅದು. ಸೋಂಕು ಬಂದು ಹೋದ ಮೇಲೋ ಲಸಿಕೆಯಿಂದಲೋ ಹುಟ್ಟುವ ಕೊರೊನಾ ಪ್ರತಿಕಾಯ ರಕ್ತದಲ್ಲಿ ಇದ್ದವರು ಮಧ್ಯಪ್ರದೇಶದಲ್ಲಿ ಶೇ 79, ಬಿಹಾರದಲ್ಲಿ ಶೇ 75.9, ಉತ್ತರ ಪ್ರದೇಶದಲ್ಲಿ ಶೇ 71, ಕರ್ನಾಟಕದಲ್ಲಿ ಶೇ 69.8. ಪಟ್ಟಿಯ ಕಟ್ಟಕಡೆಯಲ್ಲಿ ಕೇರಳ, ಶೇ 44.4.

ಒಂದು ಪಟ್ಟಿಯಲ್ಲಿ ದೇಶಕ್ಕೇ ಹೆಚ್ಚು ಸೋಂಕಿನ ರಾಜ್ಯ, ಇನ್ನೊಂದರಲ್ಲಿ ದೇಶಕ್ಕೇ ಕಡಿಮೆ ಸೋಂಕಿನ ರಾಜ್ಯ. ಎರಡೂ ಸರ್ಕಾರಿ ಲೆಕ್ಕಗಳೇ, ಎರಡೂ ಸುಳ್ಳಲ್ಲ. ಆದರೂ ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ರಾಜ್ಯಕ್ಕೆ ರಾಜ್ಯವನ್ನು ಹೋಲಿಸಿದವರೆಲ್ಲ ಎಡವಿದರು. ಹೇಗೆ ಎಡವಿದರು ಎಂಬುದೇ ಈ ಪ್ರಕರಣ.

ಸೋಂಕು ಎಷ್ಟು, ಕಣ್ಣಿಗೆ ಬಿದ್ದದ್ದು ಎಷ್ಟು

ದಿನದ ಬುಲೆಟಿನ್‌ನಲ್ಲಿ ಬರುವ ಸಂಖ್ಯೆ ಎರಡು ವಿಷಯಗಳ ಗುಣಾಕಾರ. ಎಷ್ಟು ಜನರಿಗೆ ತಗುಲಿತು ಎಂಬುದು ಒಂದು, ಅವರಲ್ಲಿ ಎಷ್ಟು ಜನರನ್ನು ಆರೋಗ್ಯ ಇಲಾಖೆ ಹಿಡಿಯಿತು ಎಂಬುದು ಇನ್ನೊಂದು. ಎರಡನೆಯದು ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಬದಲಾಗುತ್ತದೆ ಎಂದು ಸಿರೊ ಸರ್ವೆಯಿಂದ ಅಂದಾಜು ಮಾಡಬಹುದು. ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಕೇರಳದ ಜನಸಂಖ್ಯೆ ಸುಮಾರು ಮೂರೂವರೆ ಕೋಟಿ. ಅದರ ಶೇ 44.4 ಎಂದರೆ ಒಂದೂವರೆ ಕೋಟಿಗೆ ತುಸು ಹೆಚ್ಚು. ಸರ್ವೆ ಮುಗಿದ ಜುಲೈ ಮೊದಲ ವಾರದ ಹೊತ್ತಿಗೆ ಅಲ್ಲಿ ದಾಖಲಾದ ಪ್ರಕರಣ ಸುಮಾರು 30 ಲಕ್ಷ. ಐದಕ್ಕೊಂದು ಸಿಕ್ಕಿದೆ. ಬಿಹಾರದ ಜನ ಸುಮಾರು 12 ಕೋಟಿ, ಅದರ ಶೇ 75.9 ಎಂದರೆ ಒಂಬತ್ತು ಕೋಟಿಗೂ ಮೇಲೆ, ದಾಖಲಾದದ್ದು 7 ಲಕ್ಷ ಚಿಲ್ಲರೆ. ನೂರಿಪ್ಪತ್ತೈದಕ್ಕೋ ನೂರಮೂವತ್ತಕ್ಕೋ ಒಂದು. ಕರ್ನಾಟಕದಲ್ಲಿ ಹೀಗೇ ಲೆಕ್ಕ ಹಾಕಿದರೆ ಸುಮಾರು ಹದಿನಾರಕ್ಕೊಂದು, ದೇಶದ ಸರಾಸರಿ ಮೂವತ್ತಕ್ಕೊಂದು.

ಇದು ಒರಟು ಲೆಕ್ಕ, ಒಪ್ಪುತ್ತೇನೆ. ಸರ್ವೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಲ್ಲ. ಲಸಿಕೆಯಿಂದ ಬಂದ ಪ್ರತಿಕಾಯವೂ ಇದರಲ್ಲಿ ಬೆರೆತಿದೆ. ಆದರೆ ಲಸಿಕೆಯ ಅಂಶ ಸೇರಿಸಿದರೆ ಕೇರಳದ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆಯೇ ಹೊರತು ಮಸುಕಾಗುವುದಿಲ್ಲ: ಅಲ್ಲಿ ಆಗಲೇ ಮೂರರಲ್ಲಿ ಒಬ್ಬರಿಗೆ ಮೊದಲ ಡೋಸ್ ಆಗಿತ್ತು. ಅಂದರೆ ಆ ಶೇ 44ರಲ್ಲಿ ರೋಗ ತಗುಲಿಯೇ ಪ್ರತಿಕಾಯ ಪಡೆದವರು ಇನ್ನೂ ಕಡಿಮೆ.

ಟಿವಿ ಚರ್ಚೆಗಳಲ್ಲಿ ಇನ್ನೊಂದು ಅಂಕಿ ತೋರಿಸುತ್ತಿದ್ದರು: ಪಾಸಿಟಿವಿಟಿ ದರ, ಅಂದರೆ ಮಾಡಿದ ನೂರು ಪರೀಕ್ಷೆಗಳಲ್ಲಿ ಸೋಂಕು ಕಂಡದ್ದು ಎಷ್ಟು ಎಂಬುದು. ದೇಶದಲ್ಲಿ ಅದು ಶೇ 3ರ ಒಳಗಿದ್ದಾಗ ಕೇರಳದಲ್ಲಿ ಶೇ 12. "ಅಷ್ಟು ಚೆನ್ನಾಗಿ ಹುಡುಕುತ್ತಿದ್ದರೆ ದರ ಯಾಕೆ ಇಷ್ಟು?" ಪ್ರಶ್ನೆ ಸರಿಯಾದದ್ದೇ. ರೋಗಲಕ್ಷಣ ಇದ್ದವರನ್ನು, ಸಂಪರ್ಕಕ್ಕೆ ಬಂದವರನ್ನು ಗುರಿಯಿಟ್ಟು ಪರೀಕ್ಷಿಸುತ್ತಿದ್ದೇವೆ ಎಂಬುದು ಕೇರಳದ ಉತ್ತರ. ರೈಲು ನಿಲ್ದಾಣದಲ್ಲಿ ಕಂಡಕಂಡವರ ಗಂಟಲ ದ್ರವ ತೆಗೆದರೆ ದರ ಇಳಿಯುತ್ತದೆ, ಸೋಂಕಿತನ ಮನೆಯವರದ್ದನ್ನು ತೆಗೆದರೆ ಏರುತ್ತದೆ. ಆದರೆ ಪೂರ್ತಿ ಉತ್ತರ ಅದಲ್ಲ ಎಂದೇ ನನ್ನ ಅನಿಸಿಕೆ. ಆ ತಿಂಗಳು ಕೇರಳದಲ್ಲಿ ಸೋಂಕು ನಿಜಕ್ಕೂ ಬೇರೆಡೆಗಿಂತ ಜಾಸ್ತಿಯೇ ಇತ್ತು. ಇರದೆ ಏನು?

ಅಡಿಕೆ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈನ ಜಡಿಮಳೆಗೆ ಕೊಳೆರೋಗ ಬಂದು ಒಬ್ಬನ ತೋಟದ ಗೊನೆಗಳೆಲ್ಲ ಖಾಲಿಯಾಗಿವೆ ಅಂದುಕೊಳ್ಳಿ. ಪಕ್ಕದವನು ಹೊತ್ತಿಗೆ ಸರಿಯಾಗಿ ಬೋರ್ಡೋ ದ್ರಾವಣ ಹೊಡೆಸಿದ್ದಾನೆ, ಅವನ ಮುಕ್ಕಾಲು ಫಸಲು ಮರದ ಮೇಲೇ ಇದೆ. ಆಗಸ್ಟ್‌ನಲ್ಲಿ ಹೋಗಿ ಬುಡದಲ್ಲಿ ಬಿದ್ದ ಹೊಸ ಕಾಯಿ ಎಣಿಸಿದರೆ ಪಕ್ಕದವನ ತೋಟದಲ್ಲೇ ಹೆಚ್ಚು ಸಿಗುತ್ತವೆ. ಮೊದಲಿನವನಲ್ಲಿ ಉದುರಲು ಉಳಿದಿದ್ದಾದರೂ ಏನು? ಆ ದಿನದ ಎಣಿಕೆ ನೋಡಿ ಯಾರ ಕೃಷಿ ಚೆನ್ನಾಗಿದೆ ಎಂದು ಹೇಳುವವನಿಗೆ ಅಡಿಕೆ ಗೊತ್ತಿಲ್ಲ ಎಂದರ್ಥ.

ಏಪ್ರಿಲ್-ಮೇ ತಿಂಗಳಲ್ಲಿ ವೈರಸ್ಸಿನ ಡೆಲ್ಟಾ ತಳಿ ಉತ್ತರದ ರಾಜ್ಯಗಳನ್ನು ಹೊಡೆದು ಸಾಗಿತ್ತು. ಕೇರಳದಲ್ಲಿ ಮಾತ್ರ ಅರ್ಧಕ್ಕೂ ಹೆಚ್ಚು ಜನ ಇನ್ನೂ ಸೋಂಕಿಗೆ ತೆರೆದುಕೊಂಡೇ ಇದ್ದರು. ಹಿಂದಿನ ಸರ್ವೆಗಳೂ ಇದನ್ನೇ ಹೇಳಿದ್ದವು. 2020ರ ಡಿಸೆಂಬರ್ ಹೊತ್ತಿನ ಮೂರನೇ ಸರ್ವೆಯಲ್ಲಿ ದೇಶದ ದರ ಶೇ 21 ಇದ್ದಾಗ ಕೇರಳದ್ದು ಶೇ 11.6. ಅಲ್ಲಿನ ಅಲೆ ತಡವಾಗಿ ಬಂತು, ಬಂದ ಮೇಲೆ ಬೇಗ ಇಳಿಯಲೂ ಇಲ್ಲ.

ಶೇ 67ರ ಮಾಯೆ

ಇನ್ನು ಹರ್ಡ್ ಇಮ್ಯುನಿಟಿ, ಅಂದರೆ ಸಾಕಷ್ಟು ಜನಕ್ಕೆ ರಕ್ಷಣೆ ಬಂದು ರೋಗ ಹರಡಲು ದಾರಿ ಸಿಗದ ಸ್ಥಿತಿ. ಇಡೀ ದೇಶಕ್ಕೆ ಆ ಸರ್ವೆ ಕೊಟ್ಟ ಅಂಕಿ ಶೇ 67.6. ಲೆಕ್ಕ ಬಲ್ಲ ಕೆಲವರು ಇದನ್ನು ನೋಡಿ ಹಿಗ್ಗಿದರು. ಕಾರಣ ಇದೆ. ಒಬ್ಬ ಸೋಂಕಿತನಿಂದ ಸರಾಸರಿ ಮೂವರಿಗೆ ಹರಡುವ ರೋಗವಾದರೆ ಆ ಮೂವರಲ್ಲಿ ಇಬ್ಬರಿಗೆ ಮೊದಲೇ ರಕ್ಷಣೆ ಇದ್ದರೆ ಸಾಕು, ಒಂದರಿಂದ ಒಂದೇ ಹುಟ್ಟಿ ರೋಗ ಬೆಳೆಯುವುದು ನಿಲ್ಲುತ್ತದೆ. ಮೂರರಲ್ಲಿ ಎರಡು ಎಂದರೆ ಶೇ 67. ವುಹಾನ್‌ನಿಂದ ಹೊರಟ ಮೂಲ ವೈರಸ್‌ಗೆ ಆ "ಮೂರು" ಹೆಚ್ಚುಕಡಿಮೆ ಸರಿಯಿತ್ತು. ಜುಲೈನಲ್ಲಿ ದೇಶದಲ್ಲಿ ಇದ್ದದ್ದು ಡೆಲ್ಟಾ. ಅದಕ್ಕೆ ಆ ಸಂಖ್ಯೆ ಐದು-ಆರರ ಆಸುಪಾಸು. ಆಗ ಬೇಕಾಗುವುದು ಶೇ 80ಕ್ಕೂ ಮೇಲೆ. ಓಡುತ್ತಿರುವಾಗಲೇ ಗೆರೆ ಮುಂದಕ್ಕೆ ಸರಿದಿತ್ತು.

"ಹರ್ಡ್" ಎಂದರೆ ದನದ ಹಿಂಡು, ಆ ಮಾತು ಹುಟ್ಟಿದ್ದೇ ಕೊಟ್ಟಿಗೆಯಲ್ಲಿ. ನೂರು ವರ್ಷಗಳ ಹಿಂದೆ ಅಮೆರಿಕದ ಪಶುವೈದ್ಯರು ದನಗಳ ಗರ್ಭ ಜಾರಿಸುವ ಸೋಂಕಿನ ಬಗ್ಗೆ ಬರೆಯುವಾಗ ಬಳಸಿದ ಪದ ಅದು: ಹೊರಗಿನ ದನ ತರಬೇಡಿ, ಇದ್ದ ಹಿಂಡನ್ನೇ ಉಳಿಸಿಕೊಳ್ಳಿ, ರೋಗ ತಾನಾಗಿ ತಗ್ಗುತ್ತದೆ. ಬೇಲಿ ಹಾಕಿದ ಹಿಂಡಿಗೆ ಆ ಮಾತು ಸಲ್ಲುತ್ತದೆ. ಒಂದು ರಾಜ್ಯಕ್ಕೆ ಬೇಲಿ ಎಲ್ಲಿದೆ? ಒಳಗಾದರೂ ಅದು ಒಂದೇ ಹಿಂಡೇ? ಮುಂಬೈಯಲ್ಲಿ 2020ರ ಜುಲೈನಲ್ಲಿ ಮೂರು ವಾರ್ಡ್‌ಗಳ ಸರ್ವೆ ಮಾಡಿದಾಗ ಕೊಳೆಗೇರಿಗಳಲ್ಲಿ ಶೇ 57 ಜನರಿಗೆ ಪ್ರತಿಕಾಯ ಇತ್ತು, ಅದೇ ವಾರ್ಡ್‌ಗಳ ಉಳಿದ ಮನೆಗಳಲ್ಲಿ ಶೇ 16. ನಡುವೆ ಒಂದು ಕಾಂಪೌಂಡ್ ಗೋಡೆ ಅಷ್ಟೇ. 2021ರ ಮಾರ್ಚಿನಲ್ಲಿ ಎರಡನೇ ಅಲೆ ಏಳುವಾಗ ಹೆಚ್ಚಿನ ಕೇಸುಗಳು ಬಂದದ್ದು ಲಿಫ್ಟ್ ಇರುವ ಕಟ್ಟಡಗಳಿಂದ. ಆ ಎರಡು ಅಂಕಿಗಳ ಸರಾಸರಿ ತೆಗೆದು "ಮುಂಬೈನ ಇಮ್ಯುನಿಟಿ ಇಷ್ಟು" ಎಂದರೆ ಅದು ಯಾರೊಬ್ಬರ ಮನೆಯ ವಿಷಯವೂ ಆಗಿರುವುದಿಲ್ಲ.

ಮಾಯೆಗೆ ಬೀಳುವುದು ಅದು ಮೊದಲ ಸಲವೂ ಅಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ನೇಮಿಸಿದ್ದ ತಜ್ಞರ ಸಮಿತಿ ದೇಶದ ಶೇ 30 ಜನಕ್ಕೆ ಆಗಲೇ ಸೋಂಕು ಬಂದು ಹೋಗಿದೆ, ಎಚ್ಚರ ತಪ್ಪದಿದ್ದರೆ ಫೆಬ್ರುವರಿ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ ಎಂದಿತ್ತು. ದೆಹಲಿಯಲ್ಲಿ 2021ರ ಜನವರಿ ಸರ್ವೆ ಶೇ 56 ಎಂದಿತು. ಏಪ್ರಿಲ್‌ನಲ್ಲಿ ಆ ನಗರ ಆಮ್ಲಜನಕಕ್ಕೆ ಒದ್ದಾಡಿದ್ದು ಎಲ್ಲರೂ ನೋಡಿದ್ದೇ. ನಮ್ಮ ಕಣ್ಣೆದುರಿಗೆ ಬ್ರೆಜಿಲ್‌ನ ಮನೌಸ್ ಕೂಡ ಇತ್ತು. ಅಮೆಜಾನ್ ಕಾಡಿನ ನಡುವಿನ, ಇಪ್ಪತ್ತು ಲಕ್ಷ ಜನರ ಆ ಊರಿನಲ್ಲಿ ರಕ್ತದಾನಿಗಳ ರಕ್ತ ಪರೀಕ್ಷಿಸಿ, 2020ರ ಅಕ್ಟೋಬರ್ ಹೊತ್ತಿಗೆ ಶೇ 76 ಜನಕ್ಕೆ ಸೋಂಕು ತಗುಲಿದೆ ಎಂದು ಅಂದಾಜಿಸಿದ್ದರು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಗಾಮಾ ತಳಿ ಹುಟ್ಟಿತು. ಡಿಸೆಂಬರ್‌ನ ಮೊದಲ 19 ದಿನಗಳಲ್ಲಿ ಆಸ್ಪತ್ರೆ ಸೇರಿದವರು 552. ಜನವರಿಯ ಮೊದಲ 19 ದಿನಗಳಲ್ಲಿ 3,431. ಜನವರಿ ಮಧ್ಯಕ್ಕೆ ಅಲ್ಲಿನ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದುಹೋಯಿತು. ಇಷ್ಟೆಲ್ಲ ಆಗಿ ಆರು ತಿಂಗಳ ಮೇಲೂ ನಾವು ಶೇ 67.6 ನೋಡಿ ನಿಟ್ಟುಸಿರು ಬಿಟ್ಟೆವು.

ರಕ್ತ ಪರೀಕ್ಷೆಯ ಅಂಕಿಯೂ ಅಷ್ಟೇನೂ ಗಟ್ಟಿಯಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಕರ್ನಾಟಕದಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ಮನೆಮನೆಯ ಮಾದರಿ ತೆಗೆದು ಅಧ್ಯಯನ ಮಾಡಿತು. ಫಲಿತಾಂಶ ಶೇ 46.7, ಹಳ್ಳಿಗಳಲ್ಲೇ ಶೇ 44. ಅದರ ಬೆನ್ನಿಗೇ ಸೆಪ್ಟೆಂಬರ್ ಮೊದಲ ಎರಡು ವಾರಗಳಲ್ಲಿ ರಾಜ್ಯ ಸರ್ಕಾರ ತನ್ನದೇ ಸರ್ವೆ ಮಾಡಿಸಿತು. ಫಲಿತಾಂಶ ಶೇ 27.3. ದಿನ ಕಳೆದಂತೆ ಏರಬೇಕಾದ ಅಂಕಿ ಇಳಿದಿತ್ತು. ಒಂದರ ಪ್ರಕಾರ ಮೂರು ಕೋಟಿಗೂ ಹೆಚ್ಚು ಜನಕ್ಕೆ ಸೋಂಕು, ಇನ್ನೊಂದರ ಪ್ರಕಾರ ಎರಡು ಕೋಟಿಗೂ ಕಡಿಮೆ. ಒಂದು ಕೋಟಿಯ ಫರಕು! ಮೊದಲನೆಯವರು ಮನೆಗಳಿಗೆ ಹೋದರು. ಎರಡನೆಯವರು ಆಸ್ಪತ್ರೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆಗೆ ಬಂದವರು, ಮಾರುಕಟ್ಟೆಯ ವ್ಯಾಪಾರಿಗಳು, ಬಸ್ ಕಂಡಕ್ಟರ್‌ಗಳು, ವೃದ್ಧರು ಹೀಗೆ ಗುಂಪುಗಳನ್ನು ಆರಿಸಿದರು. ಕಿಟ್‌ಗಳೂ ಬೇರೆ. ಒಂದೇ ರಾಜ್ಯವನ್ನು ಅದೇ ರಾಜ್ಯದ ಜೊತೆ ಹೋಲಿಸುವುದೇ ಇಷ್ಟು ಕಷ್ಟವಾದರೆ ಬಿಹಾರವನ್ನೂ ಕೇರಳವನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಖಚಿತವಾಗಿ ಮಾತಾಡಬಹುದು?

ಐಸಿಎಂಆರ್ ಸರ್ವೆಗೂ ಈ ಮಿತಿ ಇತ್ತು. ಇಡೀ ದೇಶದ 70 ಜಿಲ್ಲೆಗಳಿಂದ ಸುಮಾರು 29 ಸಾವಿರ ಜನ. ಜಿಲ್ಲೆಗೆ ನಾನೂರು ಚಿಲ್ಲರೆ. ಕೇರಳದಿಂದ ಎರ್ನಾಕುಳಂ, ತ್ರಿಶ್ಶೂರ್, ಪಾಲಕ್ಕಾಡ್ ಮಾತ್ರ. ಕರ್ನಾಟಕದಿಂದ ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ. ದೇಶದ ಸರಾಸರಿಗೆ ಇದು ಧಾರಾಳ ಸಾಕು. ಆದರೆ ಕಾಸರಗೋಡೂ ಇದರಲ್ಲಿಲ್ಲ, ದಕ್ಷಿಣ ಕನ್ನಡವೂ ಇಲ್ಲ. ತಲಪಾಡಿಯಲ್ಲಿ ಕೊಡೆ ಹಿಡಿದು ದಾಟುತ್ತಿದ್ದವರ ಬಗ್ಗೆ ಕೇರಳದ ಶೇ 44 ಆಗಲಿ, ಕರ್ನಾಟಕದ ಶೇ 69.8 ಆಗಲಿ ಏನನ್ನೂ ಹೇಳುವುದಿಲ್ಲ. ಕೇಂದ್ರ ಆರೋಗ್ಯ ಕಾರ್ಯದರ್ಶಿಯೇ ರಾಜ್ಯಗಳಿಗೆ ಪತ್ರ ಬರೆದು, ಜಿಲ್ಲಾ ಮಟ್ಟದ ಚಿತ್ರ ಬೇಕಿದ್ದರೆ ನೀವೇ ಸರ್ವೆ ಮಾಡಿಸಿಕೊಳ್ಳಿ ಎಂದಿದ್ದರು. ಮನುಷ್ಯ ದಾಟುವುದು ಜಿಲ್ಲೆಯ ಗಡಿಯನ್ನು, ನಿಯಮ ಬರುವುದು ರಾಜ್ಯದ ಅಂಕಿಯ ಮೇಲೆ. ಗಡಿಯಾಚೆಯ ಉಪ್ಪಳದಿಂದ ದಿನವೂ ಮಂಗಳೂರಿಗೆ ಕೆಲಸಕ್ಕೆ ಬರುವವನಿಗೂ ತಿರುವನಂತಪುರದಿಂದ ಬೆಂಗಳೂರಿಗೆ ವಿಮಾನದಲ್ಲಿ ಬರುವವನಿಗೂ ಒಂದೇ ಕಾಗದ.

ಹನ್ನೊಂದನೇ ಡೋಸ್

ತಡವಾಗಿ ಬಂದ ಅಲೆಯಿಂದ ಕೇರಳಕ್ಕೆ ಲಾಭವೇನಾಯಿತು ಎಂದು ಕೇಳಿದರೆ, ಸಮಯ ಸಿಕ್ಕಿತು ಎನ್ನಬೇಕು. ಆ ಸಮಯದಲ್ಲಿ ಲಸಿಕೆ ಬಂತು.

ಕೋವಿಶೀಲ್ಡ್ ಬಾಟಲಿಯ ಮೇಲೆ ಹತ್ತು ಡೋಸ್ ಎಂದು ಬರೆದಿರುತ್ತದೆ. ಒಂದು ಡೋಸ್ ಅರ್ಧ ಮಿಲಿಲೀಟರ್. ಸೂಜಿಯಲ್ಲಿ, ಬಾಟಲಿಯ ತಳದಲ್ಲಿ ಚೂರು ಉಳಿದು ಹಾಳಾಗುತ್ತದೆಂದು ಕಂಪನಿಯವರು ಐದು ಮಿಲಿಗಿಂತ ತುಸು ಹೆಚ್ಚೇ ತುಂಬಿರುತ್ತಾರೆ. ಕೈ ಪಳಗಿದ ನರ್ಸ್ ಗುಳ್ಳೆ ಬಾರದಂತೆ, ಹನಿ ಚೆಲ್ಲದಂತೆ ಎಳೆದರೆ ಹತ್ತು ಜನಕ್ಕೆ ಕೊಟ್ಟ ಮೇಲೂ ಹನ್ನೊಂದನೆಯವರಿಗೆ ಸಾಕಾಗುವಷ್ಟು ಉಳಿಯುತ್ತದೆ. 2021ರ ಮೇ ಮೊದಲ ವಾರ ಕೇರಳದ ಮುಖ್ಯಮಂತ್ರಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಕೇಂದ್ರದಿಂದ ಬಂದ ಡೋಸ್ 73,38,806, ಜನರಿಗೆ ಹಾಕಿದ್ದು 74,26,164. ಬಂದದ್ದಕ್ಕಿಂತ 87 ಸಾವಿರ ಹೆಚ್ಚು. ಪ್ರಧಾನಿಯೂ ಹೊಗಳಿದರು. ಲಸಿಕೆ ವ್ಯರ್ಥವಾಗುತ್ತಿದೆ ಎಂದು ಬೇರೆ ರಾಜ್ಯಗಳು ಬೈಸಿಕೊಳ್ಳುತ್ತಿದ್ದ ಕಾಲ ಅದು. ಈ ಇಡೀ ಪ್ರಕರಣದಲ್ಲಿ ನನಗೆ ಬಹಳ ಹಿಡಿಸುವುದು ಈ ಒಂದು ಅಂಕಿಯೇ. ಇದರ ಹಿಂದೆ ಯಾವ ಮಾಡೆಲ್ಲೂ ಇಲ್ಲ, ನರ್ಸ್‌ಗಳ ಬೆರಳಿದೆ.

ಎರಡನೇ ಅಲೆಯ ತುದಿಯಲ್ಲೂ ಅಲ್ಲಿ ಆಮ್ಲಜನಕಕ್ಕೆ ಪರದಾಟ ಆಗಲಿಲ್ಲ, ನೆರೆಯವರಿಗೂ ಒಂದಿಷ್ಟು ಕೊಟ್ಟರು. ಇತ್ತ ಚಾಮರಾಜನಗರದಲ್ಲಿ ಮೇ 2-3ರ ಒಂದು ರಾತ್ರಿ ಆಮ್ಲಜನಕದ ಕೊರತೆಯ ನಡುವೆ 24 ಜನ ತೀರಿಕೊಂಡಿದ್ದರು. ವಯನಾಡಿನ ಗಡಿಗೆ ತಾಗಿದ ಜಿಲ್ಲೆ ಅದು. ಒಮ್ಮೆಗೇ ಎಲ್ಲರಿಗೂ ಬಂದರೆ ಆಸ್ಪತ್ರೆ ಮುರಿಯುತ್ತದೆ, ನಿಧಾನಕ್ಕೆ ಬಂದರೆ ಮುರಿಯುವುದಿಲ್ಲ.

ಹಾಗಂತ ಕೇರಳದ ಹೆಮ್ಮೆಯನ್ನೆಲ್ಲ ಹಾಗೇ ನುಂಗಬೇಕಿಲ್ಲ. ಜುಲೈ ಕೊನೆಗೆ ಅಲ್ಲಿ ದಾಖಲಾದ ಸಾವು ಸುಮಾರು 16 ಸಾವಿರ, ಕೇಸುಗಳ ಶೇ 0.5. ದೇಶದ ಸರಾಸರಿ ಶೇ 1.3 ಇದ್ದಾಗ ಇದನ್ನು ಎಲ್ಲೆಡೆ ತೋರಿಸುತ್ತಿದ್ದರು. ಆದರೆ ಐದಕ್ಕೊಂದು ಕೇಸು ಹಿಡಿಯುವ ರಾಜ್ಯದಲ್ಲಿ ಭಾಗಿಸುವ ಸಂಖ್ಯೆಯೇ ದೊಡ್ಡದು, ಆದ್ದರಿಂದ ಶೇಕಡಾವಾರು ತಾನಾಗಿ ಸಣ್ಣದು. ಅದಲ್ಲದೆ ಸಾವುಗಳೂ ಎಲ್ಲ ಲೆಕ್ಕಕ್ಕೆ ಬಂದಿರಲಿಲ್ಲ. ಪಾಸಿಟಿವ್ ಆದ 30 ದಿನದೊಳಗೆ ಸತ್ತರೆ ಕೋವಿಡ್ ಸಾವೇ ಎಂಬ ನಿಯಮ ಬಂದು, ಪರಿಹಾರಕ್ಕೆ ಅರ್ಜಿ ಹಾಕುವ ದಾರಿ ತೆರೆದ ಮೇಲೆ, 2021ರ ಅಕ್ಟೋಬರ್‌ನಿಂದ ಹಳೆಯ ಸಾವುಗಳು ದಿನವೂ ನೂರುಗಟ್ಟಲೆ ಪಟ್ಟಿಗೆ ಸೇರತೊಡಗಿದವು. 2022ರ ಮಾರ್ಚ್ ಹೊತ್ತಿಗೆ ಒಟ್ಟು 65 ಸಾವಿರ ದಾಟಿತು. ಮಹಾರಾಷ್ಟ್ರ ಬಿಟ್ಟರೆ ದೇಶಕ್ಕೇ ಹೆಚ್ಚು. ನಮ್ಮಲ್ಲಿ ಸುಮಾರು 40 ಸಾವಿರ.

ಈಗ ಮತ್ತೆ ಮೊದಲಿನ ಬಲೆಗೇ ಬೀಳಬಾರದು. ಕೇರಳದಲ್ಲಿ ಹೆಚ್ಚು ಜನ ಸತ್ತರೋ, ಹೆಚ್ಚು ಸಾವುಗಳು ಬರೆಯಲ್ಪಟ್ಟವೋ? ಅರವತ್ತು ದಾಟಿದವರ ಪ್ರಮಾಣ ದೇಶದಲ್ಲೇ ಹೆಚ್ಚು ಇರುವ ರಾಜ್ಯ ಅದು, ಸಕ್ಕರೆ ಕಾಯಿಲೆಯವರೂ ಹೆಚ್ಚು. ಮರಣ ನೋಂದಣಿ ಮಾತ್ರ ಬಹುತೇಕ ನೂರಕ್ಕೆ ನೂರು ಆಗುವ ಊರು. ಕೋವಿಡ್‌ನ ಮೊದಲ ವರ್ಷ 2020ರಲ್ಲಿ ಅಲ್ಲಿ ಎಲ್ಲ ಕಾರಣಗಳಿಂದ ಸತ್ತವರ ಒಟ್ಟು ಸಂಖ್ಯೆ 2019ಕ್ಕಿಂತ ಕಡಿಮೆಯೇ ಇತ್ತು. ಏರಿದ್ದು 2021ರಲ್ಲಿ. ಸಾವೇ ಸರಿಯಾಗಿ ನೋಂದಣಿಯಾಗದ ರಾಜ್ಯದ ಬಗ್ಗೆ ಇಂಥ ಎರಡು ವಾಕ್ಯ ಬರೆಯಲೂ ಆಗದು.

ಆಮೇಲೆ

ಓಣಂ ಮುಗಿದ ವಾರ, ಆಗಸ್ಟ್ 25ಕ್ಕೆ, ಕೇರಳದ ಸಂಖ್ಯೆ 31,445 ಮುಟ್ಟಿತು. ಆ ತಿಂಗಳ ಕೊನೆಗೆ ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, ಕೇರಳದಿಂದ ಬರುವವರಿಗೆ ಏಳು ದಿನ ಕ್ವಾರಂಟೈನ್ ಎಂದಿತು. ಸೆಪ್ಟೆಂಬರ್‌ನಲ್ಲಿ ಅಲೆ ಇಳಿಯತೊಡಗಿತು. ಕೇರಳ ತಾನೇ ಮಾಡಿಸಿದ ಸರ್ವೆಯ ಫಲಿತಾಂಶ ಅಕ್ಟೋಬರ್‌ನಲ್ಲಿ ಬಂತು: ವಯಸ್ಕರಲ್ಲಿ ಶೇ 82.6, ಲಸಿಕೆ ಇಲ್ಲದ 5ರಿಂದ 17 ವರ್ಷದ ಮಕ್ಕಳಲ್ಲಿ ಶೇ 40. ಎರಡು ಅಂಕಿಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ಸೂಜಿಯದ್ದು.

ಶೇ 82 ಆದ ಮೇಲೆ ಗೆರೆ ದಾಟಿದಂತಾಯಿತೇ? 2022ರ ಜನವರಿಯಲ್ಲಿ ಓಮಿಕ್ರಾನ್ ಬಂತು. ಜನವರಿ 25ರಂದು ಕೇರಳದಲ್ಲಿ 55 ಸಾವಿರ ದಾಟಿತು, ಅದುವರೆಗಿನ ದಾಖಲೆ. ಹಿಂದೆ ಹೆಚ್ಚು ಸೋಂಕು ಕಂಡಿದ್ದ ರಾಜ್ಯಗಳೂ ತಪ್ಪಿಸಿಕೊಳ್ಳಲಿಲ್ಲ.

ಕರ್ನಾಟಕದ ಬುಲೆಟಿನ್‌ಗಳಲ್ಲಿ ಎರಡು ದಿನಗಳನ್ನು ಎತ್ತಿ ಇಡುತ್ತೇನೆ. 2021ರ ಮೇ 5: ಹೊಸ ಸೋಂಕಿತರು 50,112. 2022ರ ಜನವರಿ 23: ಹೊಸ ಸೋಂಕಿತರು 50,210. ಎಣಿಸಿದ ಇಲಾಖೆ ಒಂದೇ, ಜನ ಅವರೇ, ಸಂಖ್ಯೆಯೂ ಹೆಚ್ಚುಕಡಿಮೆ ಅದೇ. ಮೊದಲ ದಿನದ ಬುಲೆಟಿನ್‌ನಲ್ಲಿ ಸತ್ತವರು 346. ಎರಡನೆಯದರಲ್ಲಿ 19.